ಬೇವಿನೆಣ್ಣೆಯ ನ್ಯಾನೋ ಎಮಲ್ಶನ್: ಯಂತ್ರ ಕೊಳ್ಳಲೇ, ಬೇಡವೇ?

ಪೆರ್ಲದ ಎಣ್ಣೆಮಿಲ್

ಎಲ್ಲರಿಗೂ ನಮಸ್ಕಾರ. ನನ್ನದು ತೆಂಗಿನೆಣ್ಣೆಯ ಸಣ್ಣ ಮಿಲ್. ಕೊಬ್ಬರಿಯ ಬೆಲೆಯನ್ನೇ ನಂಬಿ ಕುಳಿತರೆ ಕಷ್ಟ, ಜೊತೆಗೆ ಇನ್ನೊಂದು ಸರಕು ಇರಲಿ ಎಂದು ಯೋಚಿಸುತ್ತಿದ್ದೇನೆ. ಮೊನ್ನೆ ಯಂತ್ರ ಮಾರುವವರೊಬ್ಬರು ಬಂದು, ಬೇವಿನೆಣ್ಣೆ ಮತ್ತು ನಿಂಬೆಹುಲ್ಲಿನ ತೈಲವನ್ನು ನ್ಯಾನೋ ಎಮಲ್ಶನ್ (ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಸಿದ್ದು) ಮಾಡಿ ಬಾಟಲಿಯಲ್ಲಿ ತುಂಬಿಸಿ ಮಾರಬಹುದು, ಅಡಿಕೆ, ತೆಂಗು, ಕಾಳುಮೆಣಸು ಎಲ್ಲದಕ್ಕೂ ಕೀಟದ ಮದ್ದಾಗಿ ಬಿಡಬಹುದು ಎಂದು ಆಸೆ ಹುಟ್ಟಿಸಿ ಹೋದರು. ಅವರು ತೋರಿಸಿದ ಮಾದರಿ ನೀರಿನ ಹಾಗೆ ತಿಳಿಯಾಗಿತ್ತು, ಎಣ್ಣೆ ಎಂದು ಹೇಳಲೇ ಆಗದು.

ಅವರಲ್ಲಿ ಎರಡು ಬಗೆಯ ಯಂತ್ರಗಳಿವೆ. ಒಂದು ಅಲ್ಟ್ರಾಸಾನಿಕ್ ಪ್ರೋಬ್, ಇನ್ನೊಂದು ಅಧಿಕ ಒತ್ತಡದ ಹೋಮೋಜಿನೈಸರ್. ಎರಡರ ಬೆಲೆಯನ್ನೂ ಕೇಳಿದ ಮೇಲೆ ಎರಡು ಲೋಟ ನೀರು ಕುಡಿದೆ. ನನ್ನ ಪ್ರಶ್ನೆ ಇಷ್ಟೆ: ಮನೆಯ ಮಿಕ್ಸಿಯಲ್ಲಿ ಆಗದ ಯಾವ ಕೆಲಸವನ್ನು ಈ ಯಂತ್ರಗಳು ಮಾಡುತ್ತವೆ? ಮತ್ತು ಆ ಕೆಲಸ ನನಗೆ ಬೇಕೇ?

ಉಪ್ಪಳ ಡೈರಿ ಫಿಟ್ಟರ್

ಹಾಲಿನ ಡೈರಿಯಲ್ಲಿ ಹೋಮೋಜಿನೈಸರ್ ಬಿಚ್ಚಿ ಜೋಡಿಸುವುದೇ ನನ್ನ ಉದ್ಯೋಗವಾಗಿತ್ತು, ಆದ್ದರಿಂದ ಮೊದಲು ನಾನು ಹೇಳುತ್ತೇನೆ. ಇದು ಹೊಸ ಯಂತ್ರವಲ್ಲ. ಫ್ರಾನ್ಸಿನ ಆಗಸ್ಟ್ ಗೋಲಾಂ ಎಂಬವರು 1899ರಲ್ಲಿ ಪೇಟೆಂಟ್ ಪಡೆದು, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ್ದು. ಮೂರು ಪಿಸ್ಟನ್‌ಗಳ ಪಂಪು ದ್ರವವನ್ನು ಒತ್ತಿ, ಒಂದು ಕವಾಟದ ಕೂದಲೆಳೆಯಷ್ಟು ಸಂದಿಯಿಂದ ಹೊರಗೆ ನುಗ್ಗಿಸುತ್ತದೆ. ಹಾಲಿಗೆ 150ರಿಂದ 200 ಬಾರ್ ಒತ್ತಡ ಸಾಕು (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಮೂರು ನಾಲ್ಕು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇರುವ ಕೊಬ್ಬಿನ ಹನಿ ಒಂದು ಮೈಕ್ರಾನಿಗಿಂತ ಕೆಳಗೆ ಬರುತ್ತದೆ, ಕೆನೆ ಕಟ್ಟುವುದಿಲ್ಲ.

ನ್ಯಾನೋ ಮಾಡುವವರು ಅದೇ ತತ್ತ್ವವನ್ನು 500ರಿಂದ 1500 ಬಾರ್‌ಗೆ ಏರಿಸುತ್ತಾರೆ. 1000 ಬಾರ್‌ನಲ್ಲಿ ಸಂದಿಯಿಂದ ಹೊರಡುವ ದ್ರವದ ವೇಗ ಸೆಕೆಂಡಿಗೆ 400 ಮೀಟರಿಗೂ ಹೆಚ್ಚು. ಗಾಳಿಯಲ್ಲಿ ಶಬ್ದ ಓಡುವುದೇ 340 ಮೀಟರ್. ಆ ಕವಾಟ ಸವೆಯದೆ ಇರುತ್ತದೆಯೇ? ಸೀಲ್, ಪಿಸ್ಟನ್ ಪ್ಯಾಕಿಂಗ್, ಕವಾಟದ ಸೀಟು ಎಲ್ಲವೂ ಬದಲಿಸುವ ವಸ್ತುಗಳೇ. ಮಾರುವವರು ಯಂತ್ರದ ಬೆಲೆ ಹೇಳುತ್ತಾರೆ, ಬಿಡಿಭಾಗದ ಬೆಲೆ ಹೇಳುವುದಿಲ್ಲ. ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಮಿಕ್ಸಿಯ ಬ್ಲೇಡು ಎಷ್ಟು ವೇಗವಾಗಿ ತಿರುಗಿದರೂ ಜಾರಿನ ಮಧ್ಯದಲ್ಲಿ ಗಾಳಿ ಸೇರಿಸಿಕೊಂಡು ದ್ರವವನ್ನು ಸುತ್ತಿಸುತ್ತದೆ, ಅಷ್ಟೆ. ಎಣ್ಣೆಯ ಹನಿ ಕೆಲವು ಮೈಕ್ರಾನಿಗೆ ಬಂದು ನಿಲ್ಲುತ್ತದೆ. ರೋಟರ್-ಸ್ಟೇಟರ್ ಎಂಬುದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ: ತಿರುಗುವ ಭಾಗ ಮತ್ತು ನಿಂತ ಭಾಗದ ನಡುವಿನ ಚಿಕ್ಕ ಸಂದಿಯಲ್ಲಿ ದ್ರವ ಹರಿದು ಹನಿ ಒಂದು ಮೈಕ್ರಾನಿನ ಆಸುಪಾಸಿಗೆ ಬರುತ್ತದೆ. ಹೋಮೋಜಿನೈಸರಿಗೆ ಹಾಕುವ ಮೊದಲು ಹೇಗೂ ಆ ಹಂತ ಬೇಕು. ನೀರು ಬೇರೆ, ಎಣ್ಣೆ ಬೇರೆ ನಿಂತದ್ದನ್ನು ನೇರವಾಗಿ ಪಂಪಿಗೆ ಕೊಟ್ಟರೆ ಯಂತ್ರ ಕಿರುಚುತ್ತದೆ.

ಮುಳ್ಳೇರಿಯದ ಅಡಿಕೆ

ಕನ್ನಡಕದ ಅಂಗಡಿಯಲ್ಲಿ ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿ ಇರುತ್ತದೆಯಲ್ಲ ಭಾವ, ಅದರಲ್ಲಿ ಬಾಟಲಿ ಅದ್ದಿದರೆ ಸಾಲದೇ? ಅದಕ್ಕೆ ಬೆಲೆಯೂ ಕಡಿಮೆ.

ಮಂಜೇಶ್ವರ ಔಷಧಶಾಸ್ತ್ರ

ಸಾಲದು. ತೊಟ್ಟಿಯಲ್ಲಿ ಶಕ್ತಿ ಇಡೀ ನೀರಿಗೆ ಹಂಚಿಹೋಗುತ್ತದೆ, ಬಾಟಲಿಯ ಗೋಡೆಯನ್ನೂ ದಾಟಬೇಕು. ಪ್ರೋಬ್ ಯಂತ್ರದಲ್ಲಿ ಟೈಟಾನಿಯಂ ಕಡ್ಡಿಯ ತುದಿಯೇ ದ್ರವದೊಳಗೆ ಸೆಕೆಂಡಿಗೆ ಸುಮಾರು 20,000 ಸಲ ಕಂಪಿಸುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟಿ ಕುಸಿಯುತ್ತವೆ, ಕುಸಿಯುವಾಗಿನ ಹೊಡೆತಕ್ಕೆ ಎಣ್ಣೆಯ ಹನಿ ಒಡೆಯುತ್ತದೆ. ತುದಿಯಿಂದ ಎರಡು ಬೆರಳು ದೂರ ಹೋದರೆ ಆ ಹೊಡೆತವಿಲ್ಲ. ಆದ್ದರಿಂದಲೇ 100 ಮಿಲಿಲೀಟರ್ ಬೀಕರಿನಲ್ಲಿ ಚಂದದ ಫಲಿತಾಂಶ ಕೊಡುವ ಪ್ರೋಬ್ 20 ಲೀಟರಿನ ಬಕೆಟ್ಟಿನಲ್ಲಿ ಸೋಲುತ್ತದೆ. ದೊಡ್ಡ ಪ್ರಮಾಣಕ್ಕೆ ದ್ರವವನ್ನು ಪ್ರೋಬಿನ ತುದಿಯ ಹತ್ತಿರ ಹರಿಸುವ ಕೋಶ ಬೇಕು.

ಇನ್ನೊಂದು ಸಂಗತಿ ಮಾರುವವರು ಹೇಳಿರಲಾರರು. ಪ್ರೋಬಿನ ತುದಿ ಸವೆದು ಲೋಹದ ಕಣಗಳು ದ್ರವಕ್ಕೆ ಸೇರುತ್ತವೆ. ಗಿಡಕ್ಕೆ ಬಿಡುವುದಾದರೆ ಅದು ದೊಡ್ಡ ವಿಷಯವಲ್ಲ, ತಿನ್ನುವ ಕುಡಿಯುವ ವಸ್ತುವಾದರೆ ವಿಷಯವೇ. ಮತ್ತು ಆ ಯಂತ್ರದ ಕರ್ಕಶ ಶಬ್ದ ಕಿವಿಗೆ ಕೆಟ್ಟದು. ಕಿವಿಮುಚ್ಚಿಗೆ ಇಲ್ಲದೆ ಹತ್ತಿರ ನಿಲ್ಲಬಾರದು.

ನೀವು ನೋಡಿದ ತಿಳಿ ಮಾದರಿಯ ಬಗ್ಗೆ ಒಂದು ಮಾತು. ನ್ಯಾನೋ ಎಮಲ್ಶನ್ ಎಂದರೆ ಸಾಮಾನ್ಯವಾಗಿ 20ರಿಂದ 200 ನ್ಯಾನೋಮೀಟರ್ ಹನಿ (ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರಾನ್). ಅದರಲ್ಲಿ 100, 150 ಇದ್ದರೆ ಹಾಲಿನ ಬಣ್ಣ ಅಥವಾ ನೀಲಿ ಛಾಯೆ ಇದ್ದೇ ಇರುತ್ತದೆ. ನೀರಿನಂತೆ ತಿಳಿಯಾಗಬೇಕಾದರೆ 50ಕ್ಕಿಂತ ಕೆಳಗೆ ಬರಬೇಕು. ಅಲ್ಲಿಗೆ ತಲುಪಲು ಸುಲಭದ ದಾರಿ ಯಂತ್ರವಲ್ಲ, ಸರ್ಫ್ಯಾಕ್ಟಂಟ್ (ಎಣ್ಣೆ ಮತ್ತು ನೀರನ್ನು ಬೆರೆಯುವಂತೆ ಮಾಡುವ ಸೋಪಿನಂಥ ವಸ್ತು) ಸುರಿಯುವುದು. ವೆಲ್ಲೂರಿನ ವಿಐಟಿ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಬೇವಿನೆಣ್ಣೆಯ ಕೆಲಸ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಅಲ್ಟ್ರಾಸೌಂಡಿನಿಂದ 31 ನ್ಯಾನೋಮೀಟರ್ ಹನಿ ಬಂತು, ಕ್ಯೂಲೆಕ್ಸ್ ಸೊಳ್ಳೆಯ ಮರಿಗಳ ಮೇಲೆ ಚೆನ್ನಾಗಿ ಕೆಲಸ ಮಾಡಿತು. ಆದರೆ ಅಲ್ಲಿದ್ದದ್ದು ಒಂದು ಪಾಲು ಎಣ್ಣೆಗೆ ಮೂರು ಪಾಲು ಟ್ವೀನ್ 20 ಎಂಬ ಸರ್ಫ್ಯಾಕ್ಟಂಟ್. ಸೊಳ್ಳೆಮರಿಯ ಪ್ರಯೋಗಕ್ಕೆ ಅದು ಸರಿ. ಅದನ್ನೇ ನಿಮ್ಮ ಮಿಲ್ಲಿನಲ್ಲಿ ಮಾಡಿದರೆ ನೀವು ಮಾರುವುದು ಬೇವಿನೆಣ್ಣೆಯನ್ನಲ್ಲ, ಟ್ವೀನನ್ನು.

ನೀರ್ಚಾಲು ಮಾಸ್ತರ್

ಲೆಕ್ಕ ಹಾಕಿ ನೋಡೋಣ, ಪೆರ್ಲದವರು ಆಮೇಲೆ ತೀರ್ಮಾನಿಸಲಿ.

ಒಂದು ಲೀಟರ್ ಎಮಲ್ಶನ್‌ನಲ್ಲಿ 50 ಮಿಲಿಲೀಟರ್ ಎಣ್ಣೆ ಇದೆ ಎಂದುಕೊಳ್ಳಿ. ಅಷ್ಟನ್ನೂ 100 ನ್ಯಾನೋಮೀಟರ್ ವ್ಯಾಸದ ಹನಿಗಳಾಗಿ ಒಡೆದರೆ ಹನಿಗಳ ಒಟ್ಟು ಮೇಲ್ಮೈ 3000 ಚದರ ಮೀಟರ್. ನಮ್ಮ ಜಾಗದ ಲೆಕ್ಕದಲ್ಲಿ 74 ಸೆಂಟ್ಸ್. ಒಂದು ಲೀಟರ್ ಬಾಟಲಿಯೊಳಗೆ ಮುಕ್ಕಾಲು ಎಕರೆ ತೋಟ! ಅಷ್ಟು ಮೇಲ್ಮೈಗೂ ಸರ್ಫ್ಯಾಕ್ಟಂಟ್ ಹೊದಿಸಬೇಕು. ಚದರ ಮೀಟರಿಗೆ ಒಂದೆರಡು ಮಿಲಿಗ್ರಾಂ ಹಿಡಿದರೂ ಮೂರರಿಂದ ಆರು ಗ್ರಾಂ ಮೇಲ್ಮೈಗೇ ಹೋಯಿತು, ನೀರಿನಲ್ಲಿ ಉಳಿಯುವುದು ಬೇರೆ. ಇದಕ್ಕಿಂತ ಕಡಿಮೆ ಹಾಕಿದರೆ ಯಂತ್ರ ಒಡೆದ ಹನಿಗಳು ಒಡೆದ ಮರುಕ್ಷಣವೇ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಎಷ್ಟು ಸಲ ಯಂತ್ರಕ್ಕೆ ಹಾಕಿದರೂ ಅಷ್ಟೇ. ಕೆಲವೊಮ್ಮೆ ಹೆಚ್ಚು ಸಲ ಯಂತ್ರಕ್ಕೆ ಹಾಕಿದಷ್ಟೂ ಹನಿ ದಪ್ಪವಾಗುತ್ತದೆ.

ಇನ್ನು ಶಕ್ತಿ. ಆ 3000 ಚದರ ಮೀಟರ್ ಮೇಲ್ಮೈಯನ್ನು ಸೃಷ್ಟಿಸಲು ತಾತ್ತ್ವಿಕವಾಗಿ ಬೇಕಾದದ್ದು ಸುಮಾರು 30 ಜೌಲ್. ಮೇಲ್ಮೈ ಸೆಳೆತವನ್ನು ಮೀಟರಿಗೆ 10 ಮಿಲಿನ್ಯೂಟನ್ ಎಂದು ಹಿಡಿದಿದ್ದೇನೆ. 1000 ಬಾರ್ ಹೋಮೋಜಿನೈಸರ್ ಒಂದು ಸಲ ದಾಟಿಸಲು ಲೀಟರಿಗೆ 1,00,000 ಜೌಲ್ ಕೊಡುತ್ತದೆ. ಅಂದರೆ ಕೊಟ್ಟದ್ದರಲ್ಲಿ ಶೇಕಡಾ 0.03 ಮಾತ್ರ ಹನಿಯಲ್ಲಿ ಉಳಿಯಿತು, ಉಳಿದದ್ದೆಲ್ಲ ಬಿಸಿ. ಪ್ರತಿ 100 ಬಾರ್‌ಗೆ ಸುಮಾರು 2.4 ಡಿಗ್ರಿ ಏರುತ್ತದೆ. 1000 ಬಾರ್‌ನಲ್ಲಿ ಒಂದೇ ಸಲಕ್ಕೆ 24 ಡಿಗ್ರಿ. ಬಾವಿನೀರು 28 ಡಿಗ್ರಿ ಇದ್ದರೆ ಹೊರಬರುವಾಗ 52. ತಣಿಸದೆ ಎರಡನೇ ಸಲ ಹಾಕಿದರೆ ನಿಂಬೆಹುಲ್ಲಿನ ಪರಿಮಳ ಬಾಟಲಿಯಲ್ಲಿ ಇರುವುದಿಲ್ಲ, ಇಡೀ ಮಿಲ್ಲಿನಲ್ಲಿ ಇರುತ್ತದೆ.

ಗಮನಿಸಿ: ವಿದ್ಯುತ್ತಿನ ಬಿಲ್ ಇಲ್ಲಿ ಸಮಸ್ಯೆಯಲ್ಲ. ಐದು ಸಲ ದಾಟಿಸಿದರೂ ಪಂಪಿನ ಕೆಲಸ ಲೀಟರಿಗೆ 0.14 ಯೂನಿಟ್. ಮೋಟಾರಿನ ನಷ್ಟ ಸೇರಿಸಿದರೂ ಚಿಲ್ಲರೆ. ಖರ್ಚು ಇರುವುದು ಯಂತ್ರದಲ್ಲಿ, ತಣಿಸುವುದರಲ್ಲಿ, ಟ್ವೀನಿನಲ್ಲಿ.

ಪೆರ್ಲದ ಎಣ್ಣೆಮಿಲ್

ಮಾಸ್ತರರೇ, ಶೇಕಡಾ 0.03 ಎಂದರೆ ಇಷ್ಟು ದಡ್ಡ ಯಂತ್ರವನ್ನು ಯಾಕೆ ಮಾಡುತ್ತಾರೆ? ಬೇರೆ ದಾರಿ ಇಲ್ಲವೇ?

ನೀರ್ಚಾಲು ಮಾಸ್ತರ್

ಹನಿ ಚಿಕ್ಕದಾದಷ್ಟೂ ಗಟ್ಟಿಯಾಗುತ್ತದೆ. 10 ಮೈಕ್ರಾನ್ ಹನಿಯ ಒಳಗಿನ ಹೆಚ್ಚುವರಿ ಒತ್ತಡ 0.04 ಬಾರ್, 100 ನ್ಯಾನೋಮೀಟರ್ ಹನಿಯದ್ದು 4 ಬಾರ್. ಅಷ್ಟನ್ನು ಮೀರುವ ಹೊಡೆತ ಹನಿಯ ಅಳತೆಯಷ್ಟೇ ಚಿಕ್ಕ ಜಾಗದಲ್ಲಿ ಬೀಳಬೇಕು. ಹೊಡೆತವನ್ನು ಹನಿಗೆ ಮಾತ್ರ ಗುರಿಯಿಟ್ಟು ಕೊಡಲು ಬರುವುದಿಲ್ಲ, ಸುತ್ತಲಿನ ನೀರಿಗೆಲ್ಲ ಕೊಡಬೇಕಾಗುತ್ತದೆ. ಯಂತ್ರವಿಲ್ಲದ ದಾರಿಗಳೂ ಇವೆ. ಎಣ್ಣೆ ಮತ್ತು ಸರ್ಫ್ಯಾಕ್ಟಂಟ್ ಬೆರೆಸಿ ನಿಧಾನವಾಗಿ ನೀರು ಹನಿಸುತ್ತಾ ಬಂದರೆ ಒಂದು ಹಂತದಲ್ಲಿ ಎಣ್ಣೆಯೊಳಗೆ ನೀರಿದ್ದದ್ದು ತಿರುಗಿ ನೀರೊಳಗೆ ಎಣ್ಣೆಯಾಗಿ, ತಾನಾಗಿಯೇ ಸಣ್ಣ ಹನಿಗಳಾಗುತ್ತದೆ. ಆದರೆ ಅದಕ್ಕೆ ಇನ್ನೂ ಹೆಚ್ಚು ಸರ್ಫ್ಯಾಕ್ಟಂಟ್ ಬೇಕು. ಯಂತ್ರಕ್ಕೆ ಹಣ ಕೊಡಿ, ಇಲ್ಲವೇ ಟ್ವೀನಿಗೆ ಕೊಡಿ.

ಎಣ್ಮಕಜೆಯವಳು

ನೀವೆಲ್ಲ ಹನಿಯನ್ನೇ ಅಳೆಯುತ್ತಿದ್ದೀರಿ, ತೋಟದ ಮಾತು ಯಾರೂ ಎತ್ತಲಿಲ್ಲ. ನಮ್ಮ ಊರಿನ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಕ್ಕೆಂದು ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. ನಮ್ಮೂರಿನ ಪಡ್ರೆಯ ಮನೆಗಳಲ್ಲಿ ಅದರ ಫಲ ಇನ್ನೂ ಹಾಸಿಗೆಯಲ್ಲಿ ಮಲಗಿದೆ. "ಏನೂ ಆಗದು, ಸುರಕ್ಷಿತ" ಎಂಬ ಮಾತನ್ನು ನಾವು ಆಗಲೂ ಕೇಳಿದ್ದೇವೆ. ಬೇವು ಬೇರೆ, ಆ ವಿಷ ಬೇರೆ ಎಂಬುದು ನನಗೆ ಗೊತ್ತು, ನನ್ನ ತೋಟಕ್ಕೂ ಬೇವನ್ನೇ ಬಿಡುತ್ತೇನೆ. ಆದರೆ "ಎಲೆಯ ಒಳಗೆ ಹೊಕ್ಕು ಕೆಲಸ ಮಾಡುತ್ತದೆ" ಎಂದು ಯಾರಾದರೂ ಹೊಗಳಿದರೆ ನನ್ನ ಪ್ರಶ್ನೆ: ಎಲೆಯ ಒಳಗೆ ಹೊಗುವುದು ಬಿಡುವವನ ಚರ್ಮದೊಳಗೆ ಹೊಗುವುದಿಲ್ಲವೇ? ಜೇನಿಗೆ ಏನಾಗುತ್ತದೆ? ಗುಡ್ಡ ಕೊರೆದು ನೀರು ತೆಗೆಯುವ ನಮ್ಮ ಸುರಂಗದ ನೀರಿಗೆ ಇಳಿದರೆ? ಎಣ್ಣೆಯೊಂದನ್ನೇ ಪರೀಕ್ಷಿಸಿ ಎಣ್ಣೆ ಮತ್ತು ಟ್ವೀನ್ ಎರಡಕ್ಕೂ ಉತ್ತರ ಕೊಟ್ಟಂತೆ ಮಾಡಬಾರದು.

ತೆಂಗಿನ ನುಸಿಗೆ ನಾವು ಬಿಡುವ ಮದ್ದು ಎಲ್ಲರಿಗೂ ತಿಳಿದದ್ದೇ. ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, 5 ಗ್ರಾಂ ಬಾರ್ ಸೋಪು. ಸೋಪನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕದಡಬೇಕು. ಮೊದಲು ಹಳದಿ ಎಣ್ಣೆಯ ಗೆರೆಗಳು ಕಾಣುತ್ತವೆ, ಕದಡುತ್ತಾ ಹೋದಂತೆ ಗೆರೆ ಮಾಯವಾಗಿ ಕೆನೆಯ ಬಣ್ಣಕ್ಕೆ ಬರುತ್ತದೆ. ಬೆರಳಿಗೆ ಹಚ್ಚಿಕೊಂಡರೆ ಜಿಡ್ಡು ಅಂಟಬಾರದು. ಆ ಹದಕ್ಕೆ ಬಂದ ಮೇಲೆ ಉಳಿದ ನೀರು. ಇದಕ್ಕೆ ಯಾವ ನ್ಯಾನೋ ಬೇಕು?

ನೀರ್ಚಾಲು ಮಾಸ್ತರ್

ಎಣ್ಮಕಜೆಯ ಅಕ್ಕನ ಕೊನೆಯ ಪ್ರಶ್ನೆಗೆ ಲೆಕ್ಕ ಅವರ ಕಡೆಗೇ ಇದೆ. ಬೇವಿನೆಣ್ಣೆ ನೀರಿಗಿಂತ ಸ್ವಲ್ಪ ಹಗುರ, ಆದ್ದರಿಂದ ಹನಿ ಮೇಲೆ ಬರುತ್ತದೆ. 10 ಮೈಕ್ರಾನ್ ಹನಿ ಗಂಟೆಗೆ ಸುಮಾರು ಒಂದೂವರೆ ಸೆಂಟಿಮೀಟರ್ ಏರುತ್ತದೆ. ಒಂದು ಮೈಕ್ರಾನಿನದ್ದು ಇಡೀ ದಿನಕ್ಕೆ ನಾಲ್ಕು ಮಿಲಿಮೀಟರ್. 100 ನ್ಯಾನೋಮೀಟರಿನದ್ದು ಅದರ ನೂರನೇ ಒಂದು ಪಾಲು, ಅಂದರೆ ಏರುವುದೇ ಇಲ್ಲ ಎನ್ನಬಹುದು. ಬೆಳಿಗ್ಗೆ ಕದಡಿದ್ದನ್ನು ಮಧ್ಯಾಹ್ನದೊಳಗೆ ಬಿಟ್ಟು ಮುಗಿಸುವ ಪಂಪಿಗೆ ಒಂದೆರಡು ಮೈಕ್ರಾನ್ ಧಾರಾಳವಾಗಿ ಸಾಕು. ನ್ಯಾನೋ ಬೇಕಾಗುವುದು ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾದ ಬಾಟಲಿಗೆ.

ಕುಂಬಳೆ ಕಡಲಬದಿ

ಬಾರ್ ಸೋಪಿನ ಮದ್ದು ಗುಡ್ಡದವರಿಗೆ ಸರಿ. ನಮ್ಮ ಕಡಲಬದಿಯ ಬಾವಿಗೆ ಬೇಸಿಗೆಯಲ್ಲಿ ಉಪ್ಪುನೀರು ಬರುತ್ತದೆ. ಆ ನೀರಿನಲ್ಲಿ ಸೋಪು ನೊರೆಯೂ ಬಿಡುವುದಿಲ್ಲ, ಮೊಸರಿನಂತೆ ಒಡೆದು ನಾಜಲ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಟ್ವೀನ್ ಹಾಗಾಗುವುದಿಲ್ಲವೇ?

ಮಂಜೇಶ್ವರ ಔಷಧಶಾಸ್ತ್ರ

ಟ್ವೀನಿಗೆ ವಿದ್ಯುದಂಶವಿಲ್ಲ, ಉಪ್ಪಿಗೆ ಅಷ್ಟಾಗಿ ಹೆದರುವುದಿಲ್ಲ. ಅದೊಂದು ನಿಜವಾದ ಅನುಕೂಲ. ಇನ್ನೊಂದು ಕಾರಣವೂ ಇದೆ. ಬೇವಿನಲ್ಲಿ ಕೀಟವನ್ನು ತಡೆಯುವ ಮುಖ್ಯ ಅಂಶವಾದ ಅಜಾಡಿರಾಕ್ಟಿನ್‌ಗೆ ಸ್ವಲ್ಪ ಹುಳಿಯ ಕಡೆಗಿರುವ ನೀರು ಇಷ್ಟ, ಕ್ಷಾರದಲ್ಲಿ ಬೇಗ ಹಾಳಾಗುತ್ತದೆ. ಬಾರ್ ಸೋಪು ಕ್ಷಾರ. ಅದೇ ಕಾರಣಕ್ಕೆ, ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೂ ಬೇವನ್ನು ಬೆರೆಸಬೇಡಿ, ಅದರಲ್ಲಿ ಸುಣ್ಣವಿದೆ. ಬಿಸಿಲಿನಲ್ಲೂ ಅಜಾಡಿರಾಕ್ಟಿನ್ ಒಡೆಯುತ್ತದೆ, ಬಿಡುವುದಾದರೆ ಸಂಜೆ ಬಿಡಿ.

ಹನಿಯನ್ನು ಚಿಕ್ಕದು ಮಾಡಿದರೆ ಅಜಾಡಿರಾಕ್ಟಿನ್ ಹೆಚ್ಚಾಗುವುದಿಲ್ಲ ಎಂಬುದನ್ನೂ ನೆನಪಿಡಿ. ಗಾಣದ ಬೇವಿನೆಣ್ಣೆಯಲ್ಲಿ ಅದು ಎಷ್ಟಿದೆಯೋ ಅಷ್ಟೇ. ನೋಂದಣಿಯಾದ ಬೇವಿನ ಕೀಟನಾಶಕಗಳ ಡಬ್ಬಿಯ ಮೇಲೆ 300 ಪಿಪಿಎಂ, 1500 ಪಿಪಿಎಂ, 10,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಎಂದು ಬರೆದಿರುವುದು ಆ ಅಂಶವನ್ನು. ಎಣ್ಣೆ ಯಾವ ಬೀಜದ್ದು, ಎಷ್ಟು ಹಳೆಯದು ಎಂಬುದು ಹನಿಯ ಅಳತೆಗಿಂತ ಮುಖ್ಯ.

ನಿಂಬೆಹುಲ್ಲಿನ ತೈಲದ ಕತೆಯೇ ಬೇರೆ. ಅದು ನೀರಿನಲ್ಲಿ ಸ್ವಲ್ಪ ಕರಗುತ್ತದೆ. ಚಿಕ್ಕ ಹನಿಯಿಂದ ತೈಲ ಕರಗಿ ಹೊರಟು ದೊಡ್ಡ ಹನಿಗೆ ಸೇರುತ್ತಾ ಹೋಗುತ್ತದೆ. ಇಂದು 60 ನ್ಯಾನೋಮೀಟರ್ ಇದ್ದದ್ದು ಕೆಲವೇ ದಿನಗಳಲ್ಲಿ ಹಾಲಾಗಿ, ಆಮೇಲೆ ಮೇಲೆ ಎಣ್ಣೆಯ ಉಂಗುರ ಕಟ್ಟಬಹುದು. ಸರ್ಫ್ಯಾಕ್ಟಂಟ್ ಹೆಚ್ಚು ಹಾಕಿದರೂ ಇದು ನಿಲ್ಲುವುದಿಲ್ಲ. ಯಂತ್ರಕ್ಕೆ ಹಾಕುವ ಮೊದಲೇ ತೈಲಕ್ಕೆ ನೀರಿನಲ್ಲಿ ಕರಗದ ಎಣ್ಣೆಯೊಂದನ್ನು ಬೆರೆಸಿದರೆ ನಿಲ್ಲುತ್ತದೆ. ನಿಮ್ಮ ಮಿಲ್ಲಿನ ತೆಂಗಿನೆಣ್ಣೆ ಆ ಕೆಲಸಕ್ಕೆ ಆಗುತ್ತದೆ. ಆದರೆ ತೆಂಗಿನೆಣ್ಣೆ 24 ಡಿಗ್ರಿಯ ಹತ್ತಿರ ಗಟ್ಟಿಯಾಗುವುದರಿಂದ ಹೋಮೋಜಿನೈಸರನ್ನು ತೀರಾ ತಣ್ಣಗೆ ಇಡುವಂತಿಲ್ಲ. ಇನ್ನೊಂದು ತೊಡಕು: ಬೆರೆಸಿದಷ್ಟೂ ತೈಲದ ಕ್ರಿಮಿ ಕೊಲ್ಲುವ ಶಕ್ತಿ ತಗ್ಗುತ್ತದೆ. ಪರಿಮಳದ ಅಂಶ ತೆಂಗಿನೆಣ್ಣೆಯೊಳಗೇ ಹಾಯಾಗಿ ಉಳಿದುಬಿಡುತ್ತದೆ.

ಮುಳ್ಳೇರಿಯದ ಅಡಿಕೆ

ಹಾಗಾದರೆ ಮದ್ದು ಬೇಡ, ಪಾನಕ ಮಾಡಿ ಭಾವ. ನಿಂಬೆಹುಲ್ಲಿನ ಪಾನಕ, ನೀರಿನಂತೆ ತಿಳಿ. ಮದುವೆ ಮನೆಗಳಿಗೆ ಒಳ್ಳೆಯ ಸರಕು.

ಮಂಜೇಶ್ವರ ಔಷಧಶಾಸ್ತ್ರ

ತಮಾಷೆಗೆ ಹೇಳಿದರೂ ನ್ಯಾನೋ ಎಮಲ್ಶನ್‌ಗೆ ಅರ್ಥವಿರುವುದು ಅಂಥ ಕಡೆಯೇ. ತಿಳಿಯಾದ ಪಾನೀಯಕ್ಕೆ ಎಣ್ಣೆಯ ಪರಿಮಳ ಸೇರಿಸುವುದು, ಅರಸಿನದ ಕರ್ಕ್ಯುಮಿನ್, ಎಣ್ಣೆಯಲ್ಲಿ ಕರಗುವ ವಿಟಮಿನ್, ಇವುಗಳನ್ನು ನೀರಿಗೆ ತರುವುದು. ಅಲ್ಲಿ ಒಂದು ಗ್ರಾಂ ಎಣ್ಣೆಗೆ ಬೆಲೆಯಿದೆ, ಯಂತ್ರಕ್ಕೆ ಹಾಕಿದ ಖರ್ಚು ವಾಪಸು ಬರುತ್ತದೆ. ಆದರೆ ಪಾನಕಕ್ಕೆ ನಿಂಬೆ ಹಿಂಡುತ್ತೀರಿ. ನಿಂಬೆಹುಲ್ಲಿಗೆ ಪರಿಮಳ ಕೊಡುವ ಸಿಟ್ರಾಲ್ ಹುಳಿಯಲ್ಲಿ ಒಡೆದು ಕೆಟ್ಟ ವಾಸನೆಗೆ ತಿರುಗುತ್ತದೆ. ಶುಂಠಿ, ಏಲಕ್ಕಿಯಿಂದ ಶುರು ಮಾಡುವುದು ಜಾಣತನ.

ಉಪ್ಪಳ ಡೈರಿ ಫಿಟ್ಟರ್

ಪಾನಕವಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿ. ಕೀಟಕ್ಕೆಂದು ಹೆಸರು ಹಾಕಿ ಬಾಟಲಿ ಮಾರುವುದಾದರೆ 1968ರ ಕೀಟನಾಶಕ ಕಾಯಿದೆಯ ಪ್ರಕಾರ ನೋಂದಣಿ. ನ್ಯಾನೋ ಎಂದು ಹೇಳಿದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಎದುರಿಗೆ ಬರುತ್ತದೆ. ಮಾರುವವರು ಇದನ್ನು ಹೇಳಿದರೇ?

ಪೆರ್ಲದ ಎಣ್ಣೆಮಿಲ್

ಹೇಳಲಿಲ್ಲ. "ಸಾವಯವಕ್ಕೆ ಯಾವ ಕಾನೂನೂ ಇಲ್ಲ" ಎಂದರು.

ಎಣ್ಮಕಜೆಯವಳು

ಅಲ್ಲಿಗೆ ಅವರ ಉಳಿದ ಮಾತುಗಳ ಬೆಲೆಯೂ ತಿಳಿಯಿತು.

ತೆಂಗಿನ ಸುರುಳಿ ಬಿಳಿನೊಣದ ವಿಷಯವನ್ನೂ ಹೇಳುತ್ತೇನೆ. 2016ರಲ್ಲಿ ಅದು ಬಂದಾಗ ಊರೆಲ್ಲ ಗಾಬರಿ. ಶಿಫಾರಸು ಇದ್ದದ್ದು ಬೇವಿನೆಣ್ಣೆ ಶೇಕಡಾ 0.5, ಅದೂ ತೀರಾ ಹೆಚ್ಚಿರುವಲ್ಲಿ ಮಾತ್ರ. ಉಳಿದ ಕಡೆ ಬಿಳಿನೊಣವನ್ನು ಮುಗಿಸುವ ಎನ್ಕಾರ್ಸಿಯ ಎಂಬ ಪರತಂತ್ರ ಕಣಜವನ್ನು ಉಳಿಸಿಕೊಳ್ಳಿ ಎಂದರು. ಕೊಲ್ಲುವ ಶಕ್ತಿ ಹೆಚ್ಚಾದ ಮದ್ದು ಆ ಪುಟ್ಟ ಕಣಜವನ್ನೂ ಕೊಂದರೆ ಲಾಭ ಯಾರಿಗೆ? ಮತ್ತೆ ನಮ್ಮ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಸುರಿಯುವ ಊರಿನಲ್ಲಿ, ನೀರಿನಲ್ಲಿ ಅಷ್ಟು ಸಲೀಸಾಗಿ ಬೆರೆಯುವ ಮದ್ದು ಮೊದಲ ಮಳೆಗೆ ಎಲೆಯಿಂದ ಅಷ್ಟೇ ಸಲೀಸಾಗಿ ಇಳಿದು ಹೋಗದೇ?

ಮಂಜೇಶ್ವರ ಔಷಧಶಾಸ್ತ್ರ

ಸರಿಯಾದ ಪ್ರಶ್ನೆ. ಹೆಚ್ಚುವರಿ ಸರ್ಫ್ಯಾಕ್ಟಂಟ್ ಒಣಗಿದ ಪದರವನ್ನು ಮತ್ತೆ ಒದ್ದೆ ಮಾಡಿ ತೊಳೆಯಲು ನೆರವಾಗುತ್ತದೆ. ಮಳೆಗಾಲದ ತೋಟಕ್ಕೆ ಅಂಟು ಬೇಕು, ಅತಿಯಾದ ಸೋಪಲ್ಲ.

ಪೆರ್ಲದ ಎಣ್ಣೆಮಿಲ್

ಒಟ್ಟಿನಲ್ಲಿ ಬೇವಿನ ಕೆಲಸಕ್ಕೆ ನನಗೆ ಹೋಮೋಜಿನೈಸರ್ ಬೇಡ ಎಂದಾಯಿತು. ಒಂದು ಚಿಕ್ಕ ರೋಟರ್-ಸ್ಟೇಟರ್ ತಂದು ಸಂಘದವರ ತೋಟಗಳಿಗೆ ಆಗಿಂದಾಗ ಕದಡಿ ಕೊಡುವುದೇ ಸರಿ ಎನಿಸುತ್ತಿದೆ. ಪರವಾನಗಿಯ ವಿಷಯವನ್ನು ಕೃಷಿಭವನದಲ್ಲಿ ಕೇಳಿಕೊಂಡೇ ಮುಂದುವರಿಯುತ್ತೇನೆ. ಶುಂಠಿಯ ಆಸೆ ಮಾತ್ರ ಹೋಗಿಲ್ಲ. ಐಸ್‌ಕ್ರೀಮ್ ಮಾಡುವವರಲ್ಲಿ ಹೋಮೋಜಿನೈಸರ್ ಇರುತ್ತದೆಯಲ್ಲ ಫಿಟ್ಟರಣ್ಣ, ಬಾಡಿಗೆಗೆ ಒಂದು ದಿನ ಓಡಿಸಲು ಕೊಡುತ್ತಾರೆಯೇ? ಬೇವಿನದ್ದನ್ನೂ ಒಮ್ಮೆ ಅದರಲ್ಲೇ ಹಾಕಿ ನೋಡಬಹುದಿತ್ತು.

ಉಪ್ಪಳ ಡೈರಿ ಫಿಟ್ಟರ್

ಶುಂಠಿ ಎಂದರೆ ಕೊಟ್ಟಾರು. ಬೇವು ಎಂದರೆ ನಿಮ್ಮನ್ನು ಗೇಟಿನೊಳಗೆ ಬಿಡುವುದಿಲ್ಲ. ಆ ವಾಸನೆ ಸೀಲಿನ ರಬ್ಬರಿಗೆ ಹಿಡಿದರೆ ಮುಂದಿನ ವೆನಿಲ್ಲಾವನ್ನು ಯಾರು ತಿನ್ನುತ್ತಾರೆ? ಮತ್ತು ಅವರದ್ದು 200 ಬಾರ್‌ನ ಯಂತ್ರ, ಅದರಿಂದ 50 ನ್ಯಾನೋಮೀಟರ್ ನಿರೀಕ್ಷಿಸಬೇಡಿ. ಹಾಲಿನ ಬಣ್ಣದ ಶುಂಠಿ ಪಾನಕಕ್ಕೆ ಆದೀತು.

ಮಂಜೇಶ್ವರ ಔಷಧಶಾಸ್ತ್ರ

ಮಾರುವವರನ್ನು ಸುಮ್ಮನೆ ಕಳುಹಿಸಬೇಡಿ. ನಿಮ್ಮದೇ ಎಣ್ಣೆ, ನಿಮ್ಮದೇ ಬಾವಿನೀರು ಕೊಟ್ಟು, ಎಣ್ಣೆಗಿಂತ ಹೆಚ್ಚು ಸರ್ಫ್ಯಾಕ್ಟಂಟ್ ಹಾಕದೆ ಮಾದರಿ ಮಾಡಿಸಿ. ಅದನ್ನು ಮೂರು ಭಾಗ ಮಾಡಿ ಒಂದನ್ನು ಫ್ರಿಜ್‌ನಲ್ಲಿ, ಒಂದನ್ನು ಕಪಾಟಿನಲ್ಲಿ, ಒಂದನ್ನು 45 ಡಿಗ್ರಿಯಲ್ಲಿ ಇಡಿ. ತಿಂಗಳ ನಂತರ ನನಗೆ ತಂದುಕೊಡಿ, ಬೆಳಕು ಚದುರಿಸಿ ಹನಿಯ ಅಳತೆ ನೋಡುವ ಉಪಕರಣದಲ್ಲಿ ಇಟ್ಟು ನೋಡೋಣ. ಸರಾಸರಿ ಅಳತೆಯೊಂದನ್ನೇ ನಂಬಬೇಡಿ, ಹನಿಗಳು ಎಷ್ಟು ಒಂದೇ ಸಮ ಇವೆ ಎಂದು ಹೇಳುವ ಪಿಡಿಐ ಸಂಖ್ಯೆಯನ್ನೂ ಕೇಳಿ. ಅದು 0.2ರ ಒಳಗಿದ್ದರೆ ಚೆನ್ನ. 0.5 ದಾಟಿದರೆ ಸರಾಸರಿಗೆ ಅರ್ಥವೇ ಇಲ್ಲ.

ಮುಳ್ಳೇರಿಯದ ಅಡಿಕೆ

ಬಸ್ಸಿನಲ್ಲಿ ತರುವುದಾದರೆ ಮುಚ್ಚಳ ಬಿಗಿಯಾಗಿ ಹಾಕಿ ಭಾವ. ಬೇವಿನ ಬಾಟಲಿ ಸೋರಿದರೆ ಕಂಡಕ್ಟರ್ ನಿಮ್ಮನ್ನು ಕುಂಬಳೆಯಲ್ಲೇ ಇಳಿಸಿಬಿಡುತ್ತಾನೆ.